ದಿಬ್ಬದಾಚೆಯ ಹಕ್ಕಿ

ಮೂವತ್ತು ವರ್ಷದ ಹಿಂದೆ ಗಣತಿ ಶುರುವಾದಾಗ ಆ ಮರಳುಗಾಡಿನಲ್ಲಿ ಮುನ್ನೂರು ಹಾಡುಹಕ್ಕಿಗಳಿದ್ದವು. ಕಳೆದ ಐದು ವರ್ಷದಿಂದ ಒಂದೇ ಒಂದು. ಅದೂ ಸತ್ತಿದ್ದರೆ? ಈ ವರ್ಷವೂ ಗಣತಿಗೆ ಬಂದ ಆಕೆ ಸ್ಪೀಕರನ್ನು ಮರಳಿನ ಮೇಲಿಟ್ಟಳು. ಒಂದು ಗಂಡು ಹಾಡಿದರೆ ಇನ್ನೊಂದು ಗಂಡು ಸುಮ್ಮನಿರದೆ ಎದುರು ಹಾಡುತ್ತದೆ. ಗಣತಿಯವರು ಎಣಿಸುವುದು ಅದನ್ನೇ. ಸ್ಪೀಕರಿನಲ್ಲಿ ಹಕ್ಕಿಯ ಹಾಡು ಹಾಕಿ, ಉಸಿರು ಬಿಗಿಹಿಡಿದು ಕೂತಳು.

ದಿಬ್ಬದಾಚೆಯಿಂದ ಉತ್ತರ ಬಂತು.

“ಬದುಕಿದೆಯಪ್ಪಾ!”

ಈ ಸಲವಾದರೂ ಕಣ್ಣಾರೆ ನೋಡಬೇಕೆಂದು ದಿಬ್ಬ ಹತ್ತಿದಳು. ಆಚೆ ಒಬ್ಬ ಮುದುಕರು ಕೂತಿದ್ದರು.

“ಮೆಲ್ಲಗೆ ಬಾರಮ್ಮ, ಹೆದರಿ ಹಾರಿಹೋದೀತು,” ಎಂದು ಪಿಸುಗುಟ್ಟಿದರು. “ನಾನು ಪಕ್ಕದ ಜಿಲ್ಲೆಯ ಗಣತಿಯವನು. ಐದು ವರ್ಷದಿಂದ ಇದೇ ದಿನ, ನೀನು ಬಂದ ಕಡೆಯಿಂದಲೇ ಒಂದು ಹಾಡ್ತಿದೆ.”

ಅವರ ಮಡಿಲಲ್ಲೂ ಒಂದು ಸ್ಪೀಕರಿತ್ತು.