ಮೂರನೇತ್ತದ ಪುಸ್ತಕ

ದೊಡ್ಡಬಸಪ್ಪ ಮಾಸ್ತರರು ಕೈಚೀಲದಿಂದ ಮೂರು ಬರವಣಿಗೆ ಪುಸ್ತಕ ತೆಗೆದು ಚಾಪೆಯ ಮೇಲೆ ಸಾಲಾಗಿಟ್ಟರು. ಮೂರನೆಯ ತರಗತಿಯದು, ಐದನೆಯದು, ಆರನೆಯದು. ಕವಿತಾ ಕೂಡಲೇ ಆರನೆಯದನ್ನು ಮಗಳ ಮುಂದಕ್ಕೆ ಸರಿಸಿದಳು.

"ಇದ ಇರಲ್ರಿ ಸರ್. ಐದನೇತ್ತ ಪಾಸಾಗ್ಯಾಳ. ಸಾಲಿ ಬಿಡಿಸಿ ಮನ್ಯಾಗ ಕಲಸ್ತೀನಿ ಅಂದ್ರ ಓಣಿ ಮಂದಿಯೆಲ್ಲ ನಕ್ಕಾರ. ಎದುರು ಮನಿ ತಾಜಬೀ ಚಾಚಿಯಂತೂ, ನಿಮ್ಮ ಸಾಲಿ ಗಂಟಿ ಬಾರಿಸೋರು ಯಾರವ್ವಾ ಅಂತ ದಿನಾ ಕೇಳ್ತಾಳ. ಒಂದು ವರ್ಷನೂ ಹಿಂದ ಬೀಳಂಗಿಲ್ಲ ನನ್ನ ಮಗಳು ಅಂತ ಎಲ್ಲಾರ ಮುಂದ ಹೇಳಿಬಿಟ್ಟೀನ್ರಿ."

ಮಾಸ್ತರರು ಹುಡುಗಿಯ ಕಡೆ ತಿರುಗಿದರು. "ನಿನ್ನ ಹೆಸರೇನವ್ವಾ?"

"ಭ... ಭ..."

"ಭವಾನಿ ಅಂತ್ರಿ," ಎಂದಳು ಕವಿತಾ.

ಹನ್ನೊಂದು ವರ್ಷದ ಭವಾನಿಗೆ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಅವಳು ಓದಲು ಎದ್ದು ನಿಂತರೆ ಹಿಂದಿನ ಸಾಲಿನವರು ಅವಳಂತೆಯೇ ತೊದಲಿ ನಗುತ್ತಿದ್ದರು. ಈ ಸಲ ಬೇಸಿಗೆ ರಜೆ ಮುಗಿದ ದಿನ ಅವಳು ಶಾಲೆಯ ಚೀಲ ಮುಟ್ಟಲಿಲ್ಲ. ಕವಿತಾ ಒಂದು ವಾರ ನೋಡಿದಳು. ಆಮೇಲೆ ಚೀಲವನ್ನು ಅಟ್ಟಕ್ಕೆ ಹಾಕಿ, ಹನುಮಸಾಗರದಲ್ಲಿ ಕಲಿಸಿ ನಿವೃತ್ತರಾಗಿ ಈಗ ಇಲ್ಲೇ ಕಾರಟಗಿಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದ ಈ ಮಾಸ್ತರರನ್ನು ಕರೆತಂದಳು. ಎಲ್ಲಿಂದ ಶುರು ಮಾಡಬೇಕೆಂದು ಅವರೊಮ್ಮೆ ಹೇಳಿದರೆ ಸಾಕು, ಉಳಿದದ್ದು ತನ್ನದು.

ಅವಳು ಹಳೆಯ ನೋಟ್‌ಬುಕ್ಕುಗಳ ಕಟ್ಟು ತಂದು ಬಿಚ್ಚಿದಳು. ಪುಟಪುಟಕ್ಕೂ ಅಚ್ಚು ಹಾಕಿದಂಥ ಅಕ್ಷರ, ಕೆಳಗೆ ಕೆಂಪು ಶಾಯಿಯ 'ಶಾಭಾಸ್'. ಓಣಿಯ ತುದಿಯ ಅಕ್ಕಿ ಗಿರಣಿಯಿಂದ ಬೂದಿಯ ಚೂರೊಂದು ಕಿಟಕಿಯೊಳಗೆ ಹಾರಿಬಂದು ಪುಟದ ಮೇಲೆ ಕೂತಿತು. ಮಾಸ್ತರರು ಅಂಗೈಯಿಂದ ಒರೆಸಿದರು. ಕಪ್ಪು ಬರೆ ಉದ್ದಕ್ಕೆ ಎಳೆದುಕೊಂಡಿತು. ಇನ್ನೊಂದು ಚೂರು ಬಿದ್ದಾಗ ಭವಾನಿ ಬಗ್ಗಿ ಊದಿದಳು. ಗಿರಣಿ ಓಣಿಯ ಮಕ್ಕಳು ಬೂದಿಯನ್ನು ಕೈಯಿಂದ ಮುಟ್ಟುವುದಿಲ್ಲ.

"ಅಕ್ಷರ ಭಾಳ ಛಲೋ ಅದಾವ," ಎಂದರು ಮಾಸ್ತರರು. "ಇದನ್ನ ಎಲ್ಲಿ ನೋಡಿ ಬರದಿ?"

ಭವಾನಿ ಗಾಳಿಯಲ್ಲಿ ಕೈಯಾಡಿಸಿ ಒಂದು ಚೌಕ ತೋರಿಸಿದಳು. ಕರಿಹಲಗೆ.

"ಇದನ್ನ?"

ಮತ್ತೆ ಚೌಕ.

"ಮತ್ತ ಇದನ್ನ?"

"ಗೈ... ಗೈಡ್."

ಮಾಸ್ತರರು ಕೊನೆಯ ನೋಟ್‌ಬುಕ್ಕಿನವರೆಗೂ ತಿರುವಿದರು. ಐದು ವರ್ಷದ ಬರಹದಲ್ಲಿ ಅವಳದೇ ಆದ ಒಂದು ಸಾಲು ಇರಲಿಲ್ಲ. ಉತ್ತರ ಹೇಳಲು ತಡವಾಗುತ್ತದೆಂದು ಅವಳನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಸುಮ್ಮನೆ ಕೂತು ಚಂದ ಬರೆಯುತ್ತಾಳೆಂದು ಶಾಲೆ ನಂಬಿತ್ತು. ಮನೆಯೂ ನಂಬಿತ್ತು.

ಅವರು ಖಾಲಿ ಹಾಳೆಯೊಂದನ್ನು ಹರಿದು ಭವಾನಿಯ ಮುಂದಿಟ್ಟರು. "ನಿನಗ ಕಂಡಿರಬೇಕು, ನಿಮ್ಮವ್ವಗ ಕಂಡಿರಬಾರದು. ಅಂಥಾದ್ದು ಒಂದು ಬರಿ. ಇದನ್ನ ನೋಡಿ ಬರಿಯಾಕ ಗೈಡ್ ಇಲ್ಲ ನೋಡವ್ವಾ."

"ನನಗ ಕಾಣದ್ದು ಈಕಿಗೇನ ಕಾಣತೈತ್ರಿ? ಮೂರು ಹೊತ್ತೂ ಕೂಡೇ ಇರ್ತೀವಿ," ಎಂದು ಕವಿತಾ ನಕ್ಕಳು. ಮಾಸ್ತರರು ಸುಮ್ಮನಿರುವಂತೆ ಕೈ ಎತ್ತಿದರು.

ಪೆನ್ಸಿಲ್ಲು ಬಹಳ ಹೊತ್ತು ಹಾಳೆಯ ಮೇಲೆ ನಿಂತೇ ಇತ್ತು. ಭವಾನಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅಚ್ಚಿನಂಥ ಅಕ್ಷರಗಳು ಈಗ ಒಂದರ ಮೇಲೊಂದು ವಾಲಿದವು. ಮಾಸ್ತರರು ಓದಿ ಹಾಳೆಯನ್ನು ಕವಿತಾಳ ಕೈಗಿಟ್ಟರು.

'ನನಗ ಮಾತು ಸಿಕ್ಕಿಕೊಂಡಾಗ ಅವ್ವನ ತುಟಿ ಆ ಮಾತು ಆಡತಾವ. ಅಕಿಗೆ ಗೊತ್ತಿಲ್ಲ. ಅದನ್ನ ನೋಡಿ ನಾನು ಸುಮ್ಮನಾಗತೀನಿ.'

ಕವಿತಾ ಮೂರು ಸಲ ಓದಿದಳು. ಬೂದಿಯ ಚೂರೊಂದು ಹಾಳೆಯ ಮೇಲೆ ಬಿತ್ತು. ಅವಳು ಮೆಲ್ಲಗೆ ಊದಿದಳು. ಮನೆಗೆ ಬಂದವರಿಗೆಲ್ಲ ಅವಳು ಆ ನೋಟ್‌ಬುಕ್ಕಿನ ಕಟ್ಟು ಬಿಚ್ಚಿ ತೋರಿಸಿದ್ದಳು. ಇಷ್ಟು ವರ್ಷದಲ್ಲಿ ಮಗಳು ತನಗೆ ಹೇಳಿದ ಅತಿ ಉದ್ದದ ಮಾತು ಈ ಹಾಳೆಯಲ್ಲಿತ್ತು.

"ಇದು ಎಷ್ಟನೇತ್ತದ್ರಿ ಸರ್?"

"ಮೂರನೇತ್ತದ್ದು. ತಪ್ಪು ಅದಾವ, ಮೂರು ಸಾಲಿಗೇ ಕೈ ಸೋತೈತಿ. ಆದ್ರ ಇದು ಅಕಿದು. ಆರನೇತ್ತದ್ದು ಕೊಟ್ರಿ ಅಂದ್ರ ಮತ್ತ ಗೈಡ್ ನೋಡಿ ಬರೀತಾಳ."

ಕವಿತಾ ಆರನೆಯದರ ಪುಸ್ತಕವನ್ನು ತಾನೇ ಎತ್ತಿ ಮಾಸ್ತರರ ಚೀಲಕ್ಕೆ ಹಾಕಿದಳು. ಐದನೆಯದನ್ನೂ ಹಾಕಿದಳು. ಹಾಳೆಯನ್ನು ಮಡಚದೆ ಮೂರನೆಯದರ ಮೊದಲ ಪುಟದಲ್ಲಿಟ್ಟಳು.

ಮಾಸ್ತರರನ್ನು ಕಳಿಸಲು ತಾಯಿ ಮಗಳು ಬಾಗಿಲಿಗೆ ಬಂದಾಗ ಎದುರಿನ ಕಟ್ಟೆಯ ಮೇಲೆ ತಾಜಬೀ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅವಳ ಪಕ್ಕ ಇನ್ನಿಬ್ಬರು ಹೆಂಗಸರು.

"ಏನವ್ವಾ ಭವಾನಿ, ನಿಮ್ಮ ಮನಿ ಸಾಲ್ಯಾಗ ಎಷ್ಟನೇತ್ತಕ್ಕ ಹಾಕ್ಯಾರ? ಗಂಟಿ ಬಾರಿಸಾಕ ನಾ ಬರ್ಲೇನು?"

"ಮೂ..."

ಕವಿತಾಳಿಗೆ ತನ್ನ ತುಟಿ ತೆರೆದದ್ದು ಮೊದಲ ಬಾರಿಗೆ ತಿಳಿಯಿತು. ಥಟ್ಟನೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

"ಮೂ... ಮೂ..."

ತಾಜಬೀಯ ಕೈ ನಿಂತಿತು. ಮಾಸ್ತರರು ಒಂದು ಚಪ್ಪಲಿಯನ್ನಷ್ಟೇ ಮೆಟ್ಟಿ ಹಾಗೆಯೇ ನಿಂತರು. ಭವಾನಿ ಒಮ್ಮೆ ಅವ್ವನ ಮುಖ ನೋಡಿದಳು. ಆ ತುಟಿ ಅಲುಗಲಿಲ್ಲ.

"ಮೂರನೇತ್ತ!"

ಕವಿತಾ ಸೆರಗು ಬಿಟ್ಟಳು. ಅದರ ಅಂಚಿನಲ್ಲಿ ಹಲ್ಲಿನ ಗುರುತು ಒದ್ದೆಯಾಗಿ ಮೂಡಿತ್ತು. "ಕೇಳಿಸ್ತೇನ್ರಿ ಚಾಚಿ?" ಎಂದಳು, ಓಣಿಗೆಲ್ಲ ಕೇಳುವಂತೆ.