ಮುರಿಯದ ದನಿ

ದನಿ ಒಮ್ಮೆಯೂ ಮುರಿಯಲಿಲ್ಲ. ಡೌವೆಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಮೇಜಿನ ಮೇಲಿನ ಸ್ಪೀಕರಿನಲ್ಲಿ ಕಾಲುವೆಯ ನಾವಿಕನೊಬ್ಬ, ದೋಣಿ ಬಂದಾಗ ಎತ್ತುವ ಸೇತುವೆಯ ಕಾವಲುಗಾರನ ಜತೆ ಮಾತಾಡುತ್ತಿದ್ದ. ಪಕ್ಕದ ಕೋಣೆಯಲ್ಲೇ ಇದ್ದಾನೇನೋ ಎನ್ನುವಷ್ಟು ಸ್ಪಷ್ಟ. ಪುರಸಭೆಯ ಅಲ್ಕೆಮಾ ಮೇಡಂ ಕಾಫಿ ಹೀರುತ್ತ ತಲೆದೂಗಿದರು. ಹಳೆಯ ನೀರಿನ ಗೋಪುರದ ತುದಿಯಲ್ಲಿರುವ ಈ ಕೋಣೆ ಹವ್ಯಾಸಿ ರೇಡಿಯೊ ಸಂಘದ ಕೈಯಲ್ಲೇ ಉಳಿಯಬೇಕೋ, ಊರಿನ ಗಾಯಕರ ತಂಡಕ್ಕೆ ಹೋಗಬೇಕೋ ಎಂದು ತೀರ್ಮಾನಿಸುವವರು ಅವರು. ಷರತ್ತು ಒಂದೇ: ಸಂಘದ ಹೊಸ ರೇಡಿಯೊ ತಮ್ಮ ಕಣ್ಣೆದುರು ಸರಿಯಾಗಿ ಕೆಲಸ ಮಾಡಬೇಕು.

ಕಳೆದ ವಾರದವರೆಗೆ ಅದು ಮಾಡುತ್ತಿರಲಿಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ, ಆಂಟೆನಾ ಹಿಡಿದ ತರಂಗಗಳನ್ನು ಅಂಕಿಗಳಾಗಿ ಕೊಚ್ಚಿ ಕಂಪ್ಯೂಟರಿಗೆ ಸುರಿಯುತ್ತದೆ. ಆ ಅಂಕಿಗಳನ್ನು ಮತ್ತೆ ದನಿಯಾಗಿಸುವುದು ಕಂಪ್ಯೂಟರಿನ ಕೆಲಸ. ನಡುವೆ ಎಲ್ಲೋ ಅಂಕಿಗಳು ಸೋರಿಹೋಗುತ್ತಿದ್ದವು, ದನಿ ತೊದಲುತ್ತಿತ್ತು. ರಿಪೇರಿಯ ಹೊಣೆ ಹೊತ್ತ ಇನೆಕೆ ಕೇಬಲ್ ಬದಲಿಸಿದಳು, ಪೋರ್ಟ್ ಬದಲಿಸಿದಳು, ಪೆಟ್ಟಿಗೆಗೆ ಬೇರೆ ಕಡೆಯಿಂದ ವಿದ್ಯುತ್ ಕೊಟ್ಟಳು. ಜಗ್ಗಲಿಲ್ಲ. ದೋಷ ಪೆಟ್ಟಿಗೆಯದೋ ಕಂಪ್ಯೂಟರಿನದೋ ತಿಳಿಯಲು ಪೆಟ್ಟಿಗೆಯನ್ನೇ ಕಳಚಿಟ್ಟು, ಹಿಂದೆಂದೋ ಶೇಖರಿಸಿದ್ದ ಅಂಕಿಗಳನ್ನು ಹಾಕಿ ನುಡಿಸಿದಳು. ಅದರಲ್ಲೂ ಇದೇ ಕಾವಲುಗಾರ, ಇಂಥದೇ ಹರಟೆ. ದನಿ ಎಲ್ಲಿಯೂ ಮುರಿದಿರಲಿಲ್ಲ.

ಅದನ್ನು ಡೌವೆ ಬಾಗಿಲಲ್ಲಿ ನಿಂತು ನೋಡಿದ್ದ.

ಇವತ್ತು ಬೆಳಿಗ್ಗೆ ಅವನು ಕೇಳಿಯೂ ಕೇಳಿದ್ದ. “ಏನ್ ಮಾಡ್ದೆ, ಇದ್ದಕ್ಕಿದ್ದಂಗೆ ಸರಿಹೋಯ್ತಲ್ಲ?”

“ಅದರ ಹೊಟ್ಟೆ ದೊಡ್ಡದು ಮಾಡ್ದೆ,” ಎಂದಿದ್ದಳು ಇನೆಕೆ. “ಮೊದ್ಲು ಬಂದದ್ದನ್ನ ಬಂದಹಾಗೇ ಉಗುಳ್ತಿತ್ತು. ಈಗ ಒಂದಷ್ಟು ಕೂಡಿಟ್ಕೊಂಡು ಆಮೇಲೆ ಬಾಯಿ ಬಿಡುತ್ತೆ.”

“ಹೊಟ್ಟೆಯಂತೆ! ನಮ್ ಕಾಲದಲ್ಲಿ ರೇಡಿಯೊಗೆ ಬೆಸುಗೆ ಹಾಕ್ತಿದ್ವಿ. ಊಟ ಹಾಕ್ತಿರ್ಲಿಲ್ಲ.”

“ಅದಕ್ಕೇ ನಿಮ್ದೆಲ್ಲ ಬಡಕಲು ರೇಡಿಯೊ, ಡೌವೆ.”

ಡೌವೆ ನಕ್ಕಿರಲಿಲ್ಲ. ಸಂಘದ ಅಧ್ಯಕ್ಷನಾಗಿದ್ದಷ್ಟು ಕಾಲ ಅವನು ಪಾಲಿಸಿದ ನಿಯಮ ಒಂದೇ: ಕೇಳದ್ದನ್ನು ಕೇಳಿದೆ ಎನ್ನಬಾರದು. ದೂರದ ನಿಲ್ದಾಣವೊಂದನ್ನು ಹಿಡಿದೆನೆಂದು ಬಡಾಯಿ ಕೊಚ್ಚಿದ ಸ್ವಂತ ಭಾವಮೈದುನನನ್ನೇ ಸಂಘದಿಂದ ಹೊರಹಾಕಿದವನು ಅವನು. ಆ ಮನೆಯಿಂದ ಹುಟ್ಟುಹಬ್ಬದ ಕರೆ ಈಗಲೂ ಬರುವುದಿಲ್ಲ. ಈ ಕೋಣೆ ಹೋದರೆ ಅವನ ಮುಪ್ಪಿಗೆ ಬೇರೆ ಜಾಗವಿಲ್ಲ. ಆದರೆ ಸುಳ್ಳಿನಿಂದ ಉಳಿದರೆ ಇಲ್ಲಿ ಹೇಗೆ ಕೂರುವುದು?

ಸ್ಪೀಕರಿನಲ್ಲಿ ನಾವಿಕ ಹೇಳುತ್ತಿದ್ದ: “ಉತ್ತರದಿಂದ ಬರ್ತಿದೀನಿ, ದೋಣಿ ತುಂಬಾ ಮರಳು. ಸೇತುವೆ ಎತ್ತಪ್ಪ, ನಿದ್ದೆ ಬಂತಾ?”

“ಎತ್ತೋಣ, ಎತ್ತೋಣ. ದಿನಾ ಮರಳು ಹೊರ್ತೀಯಲ್ಲ, ಸಮುದ್ರದ ತಳ ಏನಾದ್ರೂ ಉಳಿದಿದ್ಯೋ?”

ಅಲ್ಕೆಮಾ ಮೇಡಂ ಗೊಳ್ಳನೆ ನಕ್ಕರು. ಡೌವೆ ಕಿಟಕಿಯಾಚೆ ನೋಡಿದ. ಕಾಲುವೆಯ ಮೇಲೆ ಸೇತುವೆ ಆಗಲೇ ಅರ್ಧ ಎದ್ದು ನಿಂತಿತ್ತು. ಅತ್ತ ಮರಳಿನ ದೋಣಿಯೊಂದು ನಿಧಾನಕ್ಕೆ ಮೂಗು ತೂರಿಸುತ್ತಿತ್ತು. ಮರಳಿನ ದೋಣಿಗಳು ದಿನವೂ ಬರುತ್ತವೆ. ಆದರೆ ಎದ್ದ ಸೇತುವೆಯನ್ನು ಎತ್ತು ಎಂದು ಯಾವ ನಾವಿಕನೂ ಕೇಳುವುದಿಲ್ಲ.

ಡೌವೆ ಕಾಫಿಯ ಕಪ್ಪು ಕೆಳಗಿಟ್ಟ.

“ಮೇಡಂ, ನಿಮಗೆ ಮೋಸ ಆಗ್ತಿದೆ. ಇದು ಹಳೇ ರೆಕಾರ್ಡಿಂಗ್. ಹೊರಗೆ ನೋಡಿ, ಸೇತುವೆ ಎದ್ದಾಗಿದೆ.”

ಮೇಡಂ ಕಿಟಕಿಗೆ ಬಂದು ನೋಡಿದರು. ಅವರ ನಗೆ ಇಳಿಯಿತು.

“ಡೌವೆ, ಅದು ಹಾಗಲ್ಲ…” ಎಂದು ಇನೆಕೆ ಎದ್ದಳು.

“ಹಾಗಲ್ಲದಿದ್ರೆ ಹೇಗೆ ಅಂತ ಈಗಲೇ ತೋರಿಸ್ತೀನಿ.” ಗೋಡೆಯಿಂದ ಇಳಿದು ಬಂದಿದ್ದ ಆಂಟೆನಾದ ತಂತಿಯನ್ನು ಪೆಟ್ಟಿಗೆಯಿಂದ ತಿರುಪಿ ಕಿತ್ತು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ಆಂಟೆನಾ ಇಲ್ಲದೆ ಯಾವ ರೇಡಿಯೊ ಮಾತಾಡುತ್ತೆ?”

ರೇಡಿಯೊ ಮಾತಾಡಿತು. ಕಾವಲುಗಾರ ತನ್ನ ಮೊಮ್ಮಗಳ ಈಜಿನ ಪರೀಕ್ಷೆಯ ಕಥೆ ಶುರುಮಾಡಿದ. ಒಂದಕ್ಷರವೂ ಮುರಿಯಲಿಲ್ಲ.

ಡೌವೆ ತಂತಿಯನ್ನು ಮೇಜಿನ ಮೇಲಿಟ್ಟ. ತಾನು ಹೇಳಿದ್ದು ನಿಜವಾಗದಿರಲಿ ಎಂದು ಒಳಗೆಲ್ಲೋ ಆಸೆಪಟ್ಟಿದ್ದ.

“ಒಂದರ್ಧ ನಿಮಿಷ ಕೂತ್ಕೊಳ್ಳಿ ಮೇಡಂ,” ಎಂದಳು ಇನೆಕೆ. “ಅದರ ಹೊಟ್ಟೇಲಿ ಇನ್ನೂ ಇದೆ.”

“ಹೊಟ್ಟೆ, ಹೊಟ್ಟೆ! ಸಾಕು ಮಾಡು. ಇನ್ನಾದ್ರೂ ನಾಚಿಕೆ ಇರ್ಲಿ,” ಎಂದ ಡೌವೆ.

ಅಲ್ಕೆಮಾ ಮೇಡಂ ಆಗಲೇ ಫೋನ್ ಕಿವಿಗಿಟ್ಟಿದ್ದರು. “ಗೋಪುರದ ಕೋಣೆ ನಿಮ್ಮ ತಂಡಕ್ಕೇ. ಹೌದು, ಈಗಲೇ ಹೇಳ್ತಿದೀನಿ. ನೀವಾದ್ರೂ ಸ್ವಂತ ಗಂಟಲಲ್ಲಿ ಹಾಡ್ತೀರಲ್ಲ.” ಫೋನ್ ಚೀಲಕ್ಕೆ ಹಾಕಿ, ಡೌವೆಯ ಕೈ ಕುಲುಕಿದರು. “ನಿಮ್ಮಂಥ ಪ್ರಾಮಾಣಿಕರು ಅಪರೂಪ.” ಬಾಗಿಲು ಮುಚ್ಚಿತು. ಸುರುಳಿ ಮೆಟ್ಟಿಲ ಮೇಲೆ ಅವರ ಹೆಜ್ಜೆಗಳು ಇಳಿಯತೊಡಗಿದವು.

ಇನೆಕೆ ಸ್ಪೀಕರನ್ನೇ ನೋಡುತ್ತ ಕುಳಿತಳು. ಡೌವೆ ಕೂಡ ಅದನ್ನೇ ನೋಡಿದ.

“ನೀರಿಗೆ ಧುಮುಕಿದಳು ನೋಡು,” ಎನ್ನುತ್ತಿದ್ದ ಕಾವಲುಗಾರ, “ಅವಳ ಕಾಲು ಇನ್ನೇನು ತಳ ಮುಟ್…” ಅಲ್ಲಿಗೆ ದನಿ ಕಡಿಯಿತು. ರೇಡಿಯೊದ ಹೊಟ್ಟೆ ಖಾಲಿಯಾಗಿತ್ತು. ಆಮೇಲೆ ಸ್ಪೀಕರಿನಲ್ಲಿ ಬರೀ ಮೊರೆತ.