ಜಾತಕದ ಕಂಪ್ಯೂಟರಿಗೊಂದು ಕಾರ್ಡು

ಹಂಗಾರಕಟ್ಟೆಯಿಂದ ಬಂದ ಕೊರಗಣ್ಣ ಎರಡು ಜಾತಕಗಳನ್ನು ಮೇಜಿನ ಮೇಲಿಟ್ಟು ಕೈ ಮುಗಿಯುವ ಹೊತ್ತಿಗೇ ಪ್ರೇಮಾನಂದನ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಪ್ರೇಮಾನಂದ ಆರಿಸಿ ಮತ್ತೆ ಹಾಕಿದ. ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು, ಮತ್ತೇನೂ ಇಲ್ಲ.

"ಉಡುಪಿಯಲ್ ಹೊಸ ಕಲರ್ ಕಂಪ್ಯೂಟರ್ ಇತ್ತ್ ಕೊರಗಣ್ಣ. ಅಲ್ಲಿ ತೋರ್ಸಿ."

"ಅದ್ರಲ್ ಸಿನೆಮಾ ಸಹಾ ಬತ್ತಂಬ್ರ್ ಮಾರಾಯ್ರೆ. ಅದ್ ಎಂತ ಜಾತಕ ಹೇಳತ್ತ್?"

೧೯೯೯ರ ಮಳೆಗಾಲ. ಮೀನಿಗೆ ಹೋಗುವ ದೋಣಿ ದಡದಲ್ಲಿತ್ತು, ಕೊರಗಣ್ಣನಿಗೆ ಅವಸರವಿರಲಿಲ್ಲ. ಪ್ರೇಮಾನಂದ ಮುಂಬೈ ಬಿಟ್ಟು ಬಂದು ಕುಂಭಾಶಿಯಲ್ಲಿ ಜಾತಕದ ಅಂಗಡಿ ತೆರೆದ ದಿನದಿಂದ ಇದ್ದ ಯಂತ್ರ ಅದು. ಕೊರಗಣ್ಣನ ಹಿರಿಯ ಹೆಣ್ಣುಮಕ್ಕಳಿಬ್ಬರ ಜಾತಕ ಕೂಡಿಸಿದ್ದು ಅದೇ. ಇಬ್ಬರೂ ಸುಖವಾಗಿದ್ದರು. ಈಗ ಮೂರನೆಯವಳು, ಅಮಿತಾ.

ರಿಪೇರಿಗೆ ಕುಂದಾಪುರದಿಂದ ಬಂದವನು ಜಿತೇಂದ್ರ. ಮೇಜಿನ ಮೇಲಿದ್ದ ಜಾತಕಗಳಲ್ಲಿ ಒಂದು ಅಮಿತಾಳದು, ಇನ್ನೊಂದು ಅವನದೇ! ಇಬ್ಬರೂ ಎರಡು ವರ್ಷದಿಂದ ಮೆಚ್ಚಿಕೊಂಡವರು. ಎರಡು ಮನೆಯವರದ್ದೂ ತಕರಾರಿಲ್ಲ. ಈ ಪೆಟ್ಟಿಗೆಯೊಂದು ಹೂಂ ಅನ್ನಬೇಕಿತ್ತು. ಹುಡುಗ ಒಳಗೆ ಏನಾದರೂ ತಿದ್ದಿಬಿಟ್ಟರೆ ಎಂಬ ಅನುಮಾನಕ್ಕೆ ಕೊರಗಣ್ಣ ಕುರ್ಚಿ ಎಳೆದುಕೊಂಡು ಅವನ ಮಗ್ಗುಲಲ್ಲೇ ಕೂತ.

"ನಾ ಇಲ್ಲೇ ಕೂಕಂತೆ. ನೀ ನಿನ್ ಕೆಲ್ಸ ಮಾಡ್."

ಜಿತೇಂದ್ರ ಪೆಟ್ಟಿಗೆ ಬಿಚ್ಚಿ, ಕಪ್ಪಾಗಿದ್ದ ಉದ್ದನೆಯ ಕಾರ್ಡೊಂದನ್ನು ಹೊರಗೆಳೆದ. "ಡಿಸ್ಕ್ ಸಮ ಇತ್ತ್. ಅದ್ರಲ್ ಬರ್ದದ್ದನ್ನ ಓದಿ ಹೇಳುದ್ ಈ ಕಂಟ್ರೋಲರ್ ಕಾರ್ಡ್. ಇದ್ ಸುಟ್ ಹೋಯ್ತ್." ಜಾತಕದ ಪ್ರೋಗ್ರಾಮಿನ ಫ್ಲಾಪಿಗಳು ಬೂಸಲು ಹಿಡಿದು ಎಂದೋ ಹಾಳಾಗಿದ್ದವು. ಇದ್ದದ್ದೆಲ್ಲ ಇಟ್ಟಿಗೆಯಷ್ಟು ದಪ್ಪದ ಆ ಡಿಸ್ಕಿನೊಳಗೇ.

ಉಡುಪಿಯಲ್ಲಿ ಸಿಕ್ಕಿದ ಹೊಸ ಕಾರ್ಡಿನಲ್ಲಿ ಒಂದೇ ಕೇಬಲ್ಲಿಗೆ ಜಾಗ. ಈ ಡಿಸ್ಕಿಗೆ ಬೇಕಾದದ್ದು ಎರಡು, ಒಂದು ಅಗಲದ್ದು, ಒಂದು ಸಪೂರದ್ದು. ಜಿತೇಂದ್ರ ಮುಂಬೈಯ ಗುಜರಿ ಪೇಟೆಗೆ ಫೋನ್ ಮಾಡಿದ. ವಾರ ಕಳೆದು ಮರಾಠಿ ಪೇಪರಿನಲ್ಲಿ ಸುತ್ತಿದ ಎರಡು ಹಳೆಯ ಕಾರ್ಡುಗಳು ಬಸ್ಸಿನಲ್ಲಿ ಬಂದವು. ಒಂದು ಬೇರೆ ಕಂಪನಿಯದು, ಹೊಳೆಯುತ್ತಿತ್ತು. ಇನ್ನೊಂದು ಸುಟ್ಟ ಕಾರ್ಡಿನ ಕಂಪನಿಯದೇ, ಆದರೆ ಮೂಲೆ ಮುರಿದಿತ್ತು.

"ಹೊಳೂದೇ ಹಾಕ್ ಮಾರಾಯ," ಎಂದ ಪ್ರೇಮಾನಂದ.

"ಒಂದ್ ಕಂಪ್ನಿ ಕಾರ್ಡ್ ಬರ್ದದ್ದ್ ಇನ್ನೊಂದಕ್ಕೆ ಓದುಕ್ ಬಪ್ಪುದ್ ಕಷ್ಟ," ಎಂದು ಜಿತೇಂದ್ರ ತಲೆ ಕೆರೆದುಕೊಂಡ. ಆದರೂ ಹಿರಿಯರ ಮಾತಿಗೆ ಅದನ್ನೇ ಮೊದಲು ಕೂರಿಸಿದ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಲೇ, ಹೌದಾದರೆ ವೈ ಒತ್ತಿ ಎಂದು ಪರದೆ ಕೇಳಿತು. ಪ್ರೇಮಾನಂದನ ಬೆರಳು ನೇರ ವೈ ಮೇಲೆ ಹೋಯಿತು. ಜಿತೇಂದ್ರ ಹಾರಿ ಅವನ ಮಣಿಕಟ್ಟು ಹಿಡಿದ.

"ಎಂತ ಮಾಡ್ತ್ರಿ! ಒತ್ರೆ ಇಷ್ಟ್ ವರ್ಷದ್ ಜಾತಕ ಪೂರಾ ಹೋತ್ತ್!"

"ಅಷ್ಟ್ ಮರ್ಯಾದಿಯಲ್ ಕೇಂಡ್ರೆ ಇಲ್ಲೆ ಅಂಬುದ್ ಹ್ಯಾಂಗೆ?"

ಕೊರಗಣ್ಣ ನೋಡುತ್ತಲೇ ಇದ್ದ. ಎಲ್ಲ ಅಳಿದುಹೋಗಿದ್ದರೆ ಹುಡುಗನಿಗೆ ಜಾತಕದ ಕಾಟವೇ ತಪ್ಪುತ್ತಿತ್ತಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅಷ್ಟು ದಿನ ತನಗೂ ಪ್ರೇಮಾನಂದನಿಗೂ ಎರಡೇ ಚಾ ತರಿಸುತ್ತಿದ್ದವನು ಅಂದು ಮೂರು ಹೇಳಿದ.

ಮುರಿದ ಮೂಲೆಯ ಕಾರ್ಡು ಸ್ಲಾಟಿನಲ್ಲಿ ಕೂತಿತು. ಅದರ ಮೇಲೆ ಉದ್ದಿನ ಕಾಳಿನಷ್ಟು ಸಣ್ಣ ಜಂಪರುಗಳು, ಎರಡೆರಡು ಪಿನ್ನುಗಳನ್ನು ಕೂಡಿಸುವ ಟೊಪ್ಪಿಗಳು. ಅವನ್ನು ಸುಟ್ಟ ಕಾರ್ಡಿನಲ್ಲಿ ಇದ್ದಂತೆಯೇ ಒಂದೊಂದಾಗಿ ಚಿಮಟದಲ್ಲಿ ಬದಲಿಸುವಾಗ ಟಾರ್ಚು ಹಿಡಿದವನು ಕೊರಗಣ್ಣ. ಕರೆಂಟ್ ಕೊಟ್ಟರೆ ಪರದೆಯ ಮೇಲೆ ಮತ್ತೆ ಅದೇ ಇಂಗ್ಲಿಷ್ ಸಾಲು. ಜಿತೇಂದ್ರ ಮತ್ತೆ ಬಗ್ಗಿದ. ಸಪೂರ ಕೇಬಲ್ಲಿಗೆ ಕಾರ್ಡಿನಲ್ಲಿ ಎರಡು ಜಾಗಗಳಿದ್ದವು, ಅವನು ಚುಚ್ಚಿದ್ದು ತಪ್ಪು ಜಾಗಕ್ಕೆ. ಕಿತ್ತು ಬದಲಿಸಿದ. ಡಿಸ್ಕು ಕೆಮ್ಮಿದ ಹಾಗೆ ಸದ್ದು ಮಾಡಿ ತಿರುಗತೊಡಗಿತು, ಪರದೆಯ ಮೇಲೆ ಗಣಪತಿಯ ಚಿತ್ರ ಬಂತು.

"ಬಂತ್ ಕಾಣಿ!" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಕೊರಗಣ್ಣ.

ಜಿತೇಂದ್ರ ತಾನಾಗಿಯೇ ಎದ್ದು ಗೋಡೆಗೆ ಒರಗಿ ನಿಂತ. ಪ್ರೇಮಾನಂದ ಎರಡು ಜನ್ಮದಿನಗಳನ್ನು, ಹೊತ್ತು ಗಳಿಗೆಗಳನ್ನು ಒತ್ತಿದ. ಪ್ರಿಂಟರ್ ಕಿರುಗುಟ್ಟುತ್ತ ಒಂದೊಂದೇ ಸಾಲು ಹೊರಹಾಕಿತು. ಪ್ರೇಮಾನಂದ ಕೊನೆಯ ಸಾಲು ಓದಿ ಕನ್ನಡಕ ತೆಗೆದ.

"ಮೂವತ್ತಾರ್ ಗುಣದಲ್ ಹದ್ನೆಂಟಾರೂ ಕೂಡ್ಕ್. ಇದ್ ಹದ್ನೇಳೂವರಿ."

ಕೊರಗಣ್ಣ ಮೆಲ್ಲಗೆ ಜಿತೇಂದ್ರನ ಕಡೆ ತಿರುಗಿದ.

"ಹ್ವಾಯ್, ಇಷ್ಟೆಲ್ಲ ರಿಪೇರಿ ಮಾಡ್ದೆ. ಆ ಅರ್ಧ ಗುಣ ಒಂದ್ ಹಾಕುಕ್ ಆತಿಲ್ಯಾ ನಿಂಗೆ?"

"ಆತ್ತ್," ಎಂದ ಜಿತೇಂದ್ರ. "ಆರೆ ನಾ ಹಾಕುದಿಲ್ಲೆ. ಅಮಿತಾಳಿಗೆ ಸುಳ್ಳ್ ಹೇಳ್ದಂಗ್ ಆತ್ತ್."

ಕೊರಗಣ್ಣ ಪ್ರಿಂಟರಿನಿಂದ ಕಾಗದವನ್ನು ಪರ್ರನೆ ಹರಿದು, ಮಡಚಿ, ಅಂಗಿಯ ಕಿಸೆಗೆ ಹಾಕಿಕೊಂಡ.

"ಅರ್ಧ ಗುಣ ಅಲ್ದಾ," ಎಂದ ಪ್ರೇಮಾನಂದನಿಗೆ, "ಮದಿ ಆದ್ಮೇಲೆ ನಮ್ ಅಮಿತಾ ಇವ್ನಿಗೆ ಕಲ್ಸತ್ತ್."